ಎದುರುಹಾಳೆ

ಕುರುಗೋಡಿನ ಚರ್ಚಾಸ್ಪರ್ಧೆಯ ಕತೆಯನ್ನು ನಮ್ಮ ಕಾಲೇಜಿನಲ್ಲಿ ಎಲ್ಲರೂ ಒಂದೇ ಥರ ಹೇಳುತ್ತಾರೆ. ಎದುರು ತಂಡದ ಶರಣಬಸವ ತುಂಬಿದ ಸಭೆಯಲ್ಲಿ ನಾಗವೇಣಿಯ ಅಪ್ಪನ ಗುಟ್ಟು ಎತ್ತಿ ಅವಳ ಮಾನ ಕಳೆದ. ಆಗ ಅವಳ ಜೊತೆಗಾತಿ ಪದ್ಮಜಾ ಎದ್ದು ನಿಂತು ಎರಡೇ ನಿಮಿಷದಲ್ಲಿ ಅವನ ಬಾಯಿ ಮುಚ್ಚಿಸಿದಳು. ಸಭೆ ಚಪ್ಪಾಳೆ ತಟ್ಟಿತು, ಬಹುಮಾನದ ಕಪ್ಪು ನಮಗೆ ಬಂತು. ಏಳು ವರ್ಷದಿಂದ ನಮ್ಮ ಕನ್ನಡ ಸರ್ ಪ್ರತಿ ಹೊಸ ಬ್ಯಾಚಿಗೂ ಇದನ್ನು ಹೇಳುತ್ತ ಬಂದಿದ್ದಾರೆ — ಗೆಳೆತನ ಅಂದರೆ ಹೀಗಿರಬೇಕು ಅಂತ. ಕೇಳಿದ ಅಷ್ಟು ಮಕ್ಕಳಲ್ಲಿ ಒಬ್ಬರಾದರೂ ಎದ್ದು ಕೇಳಬೇಕಿತ್ತು: ಸರ್, ಅಷ್ಟು ಅಚ್ಚುಕಟ್ಟಾದ ಉತ್ತರ ಅವಳಿಗೆ ಎರಡು ನಿಮಿಷದಲ್ಲಿ ಹೇಗೆ ಹೊಳೆಯಿತು?

ಹೊಳೆಯಲಿಲ್ಲ. ಬರೆದಿಟ್ಟುಕೊಂಡಿದ್ದೆ. ಉತ್ತರ ನನ್ನದು — ಪ್ರಶ್ನೆಯೂ ನನ್ನದೇ. ಶರಣಬಸವ ಅವತ್ತು ಓದಿದ ಮಾತುಗಳನ್ನು ಬರೆದು, ಮಡಚಿ, ಅವನ ಕೈಗೆ ಕೊಟ್ಟವಳು ನಾನು. ಪದ್ಮಜಾ.

ಸರ್ ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಹಳೇ ವಿದ್ಯಾರ್ಥಿಗಳು ಸೇರಿ ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. "ಕುರುಗೋಡಿನ ಕತಿ ನೀವ ಬರೀರಿ ಮೇಡಂ, ನಿಮ್ಮ ಬಾಯಾಗ ಬಂದ್ರ ಚೆಂದ" ಎಂದು ಫೋನು ಮಾಡಿದ್ದರು. ಬರೆಯುತ್ತಿದ್ದೇನೆ. ಅವರು ಕೇಳಿದ್ದು ಇದಲ್ಲ ಅಂತ ಗೊತ್ತು.

ನಾಗವೇಣಿಯೂ ನಾನೂ ಬಿ.ಎ. ಮೊದಲ ವರ್ಷದಲ್ಲಿ ಜೊತೆಯಾದವರು. ನಾನು ಬಳ್ಳಾರಿ ಪೇಟೆಯವಳು. ಅಪ್ಪ ಗುಮಾಸ್ತ, ಮನೆ ತುಂಬ ದೇವರು, ಆ ಮನೆಯಲ್ಲಿ ಯಾವುದನ್ನೂ ನಂಬದವಳು ನಾನೊಬ್ಬಳೇ. ಏಕಾದಶಿಯ ದಿನ ಅಮ್ಮನ ಜೊತೆ ವಾದ ಹೂಡಿ, ವಾದ ಗೆದ್ದು, ಒಬ್ಬಳೇ ಕೂತು ಉಪ್ಪಿಟ್ಟು ತಿಂದವಳು. ನಾಗವೇಣಿ ಸಿರುಗುಪ್ಪದವಳು, ಹಾಸ್ಟೆಲಿನಲ್ಲಿದ್ದಳು. ಅಪ್ಪ ಅಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್ — ಹಾಗಂತ ಹೇಳಿದ್ದಳು. ಸುಮ್ಮನೆ ಹೇಳಿದ್ದಲ್ಲ. ಭತ್ತ ಬೇಯಿಸುವ ವಾಸನೆ ಅಪ್ಪನ ಅಂಗಿಗೆ ಹತ್ತಿಬಿಟ್ಟಿದೆ, ಎಷ್ಟು ಒಗೆದರೂ ಹೋಗುವುದಿಲ್ಲ. ತೌಡಿನ ಧೂಳಿಗೆ ಕೆಮ್ಮು. ಸೀಸನ್ನಿನಲ್ಲಿ ಮನೆಗೇ ಬರುವುದಿಲ್ಲ, ಬುತ್ತಿ ಅಲ್ಲಿಗೇ ಒಯ್ಯಬೇಕು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ಅಮ್ಮ ಬಡಿಸುತ್ತ ಹೇಳುತ್ತಿದ್ದಳು, "ಈ ಅಕ್ಕಿ ನಿಮ್ಮಪ್ಪನ ಮಿಲ್ಲಿಂದನ ಬಂದಿರಬೇಕಮ್ಮ."

"ಇರಬೋದ್ರಿ ಅಮ್ಮಾ, ಅದಕ್ಕ ಇಷ್ಟು ಮುದ್ದಿಯಾಗೈತಿ," ಅನ್ನುತ್ತಿದ್ದಳು ನಾಗವೇಣಿ. ನಾವೆಲ್ಲ ನಗುತ್ತಿದ್ದೆವು.

ದೇವರನ್ನು ನಂಬದ ನಾನು ಆ ರೈಸ್ ಮಿಲ್ಲನ್ನು ಎರಡು ವರ್ಷ ನಂಬಿದೆ.

ನಮ್ಮ ಸರ್‌ದು ಒಂದು ಪದ್ಧತಿ ಇತ್ತು — ಇದು ಗೊತ್ತಾಗದಿದ್ದರೆ ಮುಂದಿನದು ನಿಮಗೆ ಗೊತ್ತಾಗುವುದಿಲ್ಲ. ಸ್ಪರ್ಧೆಗೆ ಮೊದಲು ನಾವಿಬ್ಬರೂ ಒಬ್ಬರ ವಾದಕ್ಕೆ ಇನ್ನೊಬ್ಬರು ವಿರೋಧಿಯಾಗಿ ಒಂದೊಂದು ಪುಟ ಬರೆಯಬೇಕು. ಸಾಧ್ಯವಾದಷ್ಟು ಕ್ರೂರವಾಗಿ. ಅದಕ್ಕೆ ಎದುರುಹಾಳೆ ಅಂತ ಹೆಸರು. "ಎದುರಿನವರು ಏನಂದ್ರೂ ನೀವು ಅದನ್ನ ಮೊದಲ ಮನಿಯಾಗ ಕೇಳಿರಬೇಕು," ಅನ್ನುತ್ತಿದ್ದರು ಸರ್. "ಗೆಳತಿ ಅಂತ ಕರುಣೆ ತೋರಿಸಬ್ಯಾಡ್ರಿ. ಕರುಣೆ ತೋರಿಸಿದ್ರ ಅಲ್ಲಿ ಸೋಲ್ತೀರಿ." ಹೀಗೆ ಎರಡು ವರ್ಷ ನಾವು ಒಬ್ಬರ ಮೇಲೊಬ್ಬರು ಬರೆದುಕೊಂಡೆವು. ನಾಗವೇಣಿ ನನ್ನ ಹಾಳೆಗಳನ್ನು ಆಡಿಕೊಳ್ಳುತ್ತಿದ್ದಳು: "ನಿನ್ನ ಹಾಳಿ ಕಣ್ಣು ಮುಚ್ಚಿ ಗುರುತು ಹಿಡೀತೀನಿ ಲೇ ಪದ್ದಿ. ಮೊದಲ ಬೆಲ್ಲ ತಿನಸ್ತಿ, ಆಮ್ಯಾಲ ಬ್ಲೇಡು ಹಾಕ್ತಿ, ಕಡೀಕ ಎರಡು ಪ್ರಶ್ನೆ. ಯಾವುದಕ್ಕ ಉತ್ತರ ಕೊಟ್ಟರೂ ಮಂದಿ ಸಾಯಬೇಕು."

ನನಗೆ ಅದು ಹೊಗಳಿಕೆಯಾಗಿ ಕೇಳುತ್ತಿತ್ತು.

ಎರಡನೇ ವರ್ಷದ ರಜೆಯಲ್ಲಿ ನಾನು ಬಾದನಹಟ್ಟಿಗೆ ಹೋದೆ. ನನ್ನ ಚಿಕ್ಕಪ್ಪ ಅಲ್ಲಿನ ಸಾಲಿಯಲ್ಲಿ ಮೇಷ್ಟ್ರು. ಮಧ್ಯಾಹ್ನ ಹನ್ನೆರಡರ ಬಿಸಿಲು. ಹೊರಗೆ ಹಾರ್ಮೋನಿಯಂ ಸದ್ದು. "ಪದ್ದೀ, ಬಾರೇ, ಶೂರ್ಪನಖಿ ಬಂದಾಳ!" ಅಂತ ಚಿಕ್ಕಮ್ಮ ಕರೆದಳು. ಹಗಲುವೇಷದವರು ಬಂದಿದ್ದರು. ಊರಲ್ಲಿ ನಾಲ್ಕಾರು ದಿನ ಬೀಡುಬಿಟ್ಟು, ದಿನಕ್ಕೊಂದು ವೇಷ ಹಾಕಿ, ಬಿಸಿಲಲ್ಲೇ ಮನೆಮನೆ ಮುಂದೆ ಹಾಡಿ ಕುಣಿಯುವವರು. ಒಬ್ಬ ಹಾರ್ಮೋನಿಯಂ ಕೊರಳಿಗೆ ಹಾಕಿಕೊಂಡಿದ್ದ, ಒಬ್ಬ ತಬಲಾ ಸೊಂಟಕ್ಕೆ ಕಟ್ಟಿಕೊಂಡಿದ್ದ. ನಡುವೆ ಕೆಂಪು ಸೀರೆಯುಟ್ಟ, ಮುಖಕ್ಕೆ ಮಸಿ ಬಳಿದ, ಹುಬ್ಬು ಕಿವಿತನಕ ಎಳೆದ ಶೂರ್ಪನಖಿ. ಚಿಕ್ಕಪ್ಪನನ್ನು ಕಂಡದ್ದೇ ಸೆರಗು ಬಾಯಿಗಿಟ್ಟು ನಾಚಿತು.

"ಮೇಷ್ಟ್ರೇ, ನನ್ನ ಮದುವಿ ಆಗ್ರಿ. ದಿನಾ ಬಿಸಿ ರೊಟ್ಟಿ ಮಾಡಿ ಹಾಕ್ತೀನಿ."

"ಆಗಲವ್ವಾ," ಅಂದಳು ಚಿಕ್ಕಮ್ಮ ಬಾಗಿಲಿಂದಲೇ, "ಮೊದಲು ಒಳಗ ಬಾ, ಪಾತ್ರಿ ರಾಶಿ ಬಿದ್ದಾವ, ತೊಳದು ಮದುವಿ ಆಗು."

ಓಣಿಯೇ ನಕ್ಕಿತು. ನಾನೂ ನಕ್ಕೆ. ಕೆಟ್ಟ ದನಿಯಲ್ಲ ಅದು — ಪದ್ಯ ಎತ್ತಿದಾಗ ಅರ್ಧ ತೆಲುಗು ಅರ್ಧ ಕನ್ನಡ, ಆದರೆ ಎಂಥ ದನಿ! ಅವರ ಹಿಂದೆ ಓಣಿಯ ಕೊನೆತನಕ ಹೋದೆ. ಅಲ್ಲಿ ಬೇವಿನ ಗಿಡದ ಕೆಳಗೆ ಅವರ ತಗಡಿನ ಪೆಟ್ಟಿಗೆ ಇತ್ತು. ಶೂರ್ಪನಖಿ ಕುಕ್ಕರಗಾಲಲ್ಲಿ ಕೂತು ಸರಿದ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಎದುರಿಗೆ ಒಬ್ಬಳು ಹುಡುಗಿ ಕನ್ನಡಿ ಹಿಡಿದಿದ್ದಳು. "ಅದ್ದಂ ಕಾಸ್ತ ಪೈಕಿ ಪಟ್ಟು ತಲ್ಲೀ," ಅಂದಿತು ಶೂರ್ಪನಖಿ — ಕನ್ನಡಿ ಸ್ವಲ್ಪ ಮೇಲೆ ಹಿಡಿ ಮಗಳೇ. ಹುಡುಗಿ ತೆಲುಗಿನಲ್ಲೇ ಏನೋ ಚೇಷ್ಟೆ ಮಾಡಿ, ತಲೆ ಹಿಂದಕ್ಕೆ ಹಾಕಿ ನಕ್ಕಳು. ನೀಲಿ ಹೂವಿನ ದುಪಟ್ಟಾ. ನಾನೇ ನಾಗವೇಣಿಯ ಹುಟ್ಟುಹಬ್ಬಕ್ಕೆ ಕೊಟ್ಟದ್ದು.

ಆ ನಗುವನ್ನು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವಳು ನನ್ನನ್ನು ನೋಡಲಿಲ್ಲ. ನಾನು ಹಿಂದಕ್ಕೆ ತಿರುಗಿ ಬಂದೆ. ಚಿಕ್ಕಮ್ಮ "ಯಾಕ, ಬಿಸಿಲು ಬಡೀತೇನು?" ಅಂದಳು. ಏನಾಗಿತ್ತೆಂದು ಆಗ ಹೇಳಲು ಬರಲಿಲ್ಲ, ಈಗ ಹೇಳುತ್ತೇನೆ. ಅವಳ ಅಪ್ಪ ವೇಷ ಹಾಕುತ್ತಾನೆಂದು ನನಗೆ ಬೇಸರವಾಗಲಿಲ್ಲ — ಇದನ್ನು ನೀವು ನಂಬಬೇಕಾಗಿಲ್ಲ, ಆದರೆ ನಿಜ. ನನಗೂ ಹೇಳಲಿಲ್ಲವಲ್ಲ, ಅದು. ಹಾಸ್ಟೆಲಿನ ಹುಡುಗಿಯರಿಗೆ ಸುಳ್ಳು ಹೇಳಲಿ, ಸರ್‌ಗೆ ಹೇಳಲಿ, ನನ್ನಮ್ಮನಿಗೂ ಹೇಳಲಿ. ನನಗೆ? ಜಾತಿ, ದೇವರು, ದೊಡ್ಡಸ್ತಿಕೆ ಎಲ್ಲದರ ವಿರುದ್ಧ ವೇದಿಕೆ ಹತ್ತಿ ಗಂಟಲು ಹರಕೊಳ್ಳುವ ನನ್ನನ್ನು ಅವಳು ನಂಬಲಿಲ್ಲ. ನಮ್ಮ ಮನೆಯ ತಟ್ಟೆಯಲ್ಲಿ ಉಂಡು, ನನ್ನ ಪಕ್ಕ ಕೂತು, ಇಲ್ಲದ ಮಿಲ್ಲಿನ ತೌಡಿನ ಧೂಳನ್ನು ನನ್ನ ಕಣ್ಣಿಗೆ ಎರಚಿದಳು — ಹೀಗೇ ಯೋಚಿಸಿದೆ, ಇಂಥ ವಾಕ್ಯಗಳಲ್ಲೇ. ವಾಕ್ಯ ಚೆನ್ನಾಗಿ ಬಂದಷ್ಟೂ ಸಿಟ್ಟು ನಿಜ ಅನಿಸುತ್ತ ಹೋಯಿತು.

ರಜೆ ಮುಗಿಸಿ ಬಂದ ಮೇಲೆ ಅವಳಿಗೆ ನಾನು ಅವಕಾಶ ಕೊಟ್ಟೆ. ಅವಕಾಶ ಎಂಬುದು ಅಂದಿನ ನನ್ನ ಮಾತು. ಈಗ ಅದಕ್ಕೆ ಬೇರೆ ಹೆಸರಿಡುತ್ತೇನೆ — ಪಾಟೀಸವಾಲು.

"ರಜಾದಾಗ ಏನು ಮಾಡಿದಿ?"

"ಏನು ಮಾಡೂದು? ಮಿಲ್ಲಿನಾಗ ಸೀಸನ್ನು. ಅಪ್ಪಗ ಬುತ್ತಿ ಹೊತ್ತಿದ್ದ ಹೊತ್ತಿದ್ದು."

"ಎಲ್ಲೂ ಹೋಗಲಿಲ್ಲ? ಕುರುಗೋಡು, ಬಾದನಹಟ್ಟಿ ಕಡೆ ಎಲ್ಲಾರ?"

ಅವಳು ಚೀಲದಲ್ಲಿ ಏನೋ ಹುಡುಕತೊಡಗಿದಳು. "ಆ ಕಡೆ ನಮಗ್ಯಾರದಾರ?"

ಅಲ್ಲಿಗೆ ನಾನು ಹೇಳಿಬಿಡಬಹುದಿತ್ತು: ನಾಗೂ, ನೋಡೀನಿ ಲೇ, ನಿಮ್ಮಪ್ಪನ ದನಿ ಎಷ್ಟು ಚೆಂದ ಐತಿ. ಇಷ್ಟೇ ಮಾತು. ಅವಳ ಕೈ ಹಿಡಿದು ಹೇಳಿದ್ದರೆ — ಹೇಳಲಿಲ್ಲ. ಅವಳೇ ಹೇಳಬೇಕು ಅಂತ ಹಟ. ಅವಳು ಮುಚ್ಚಿಟ್ಟದ್ದು ನನಗೆ ಗೊತ್ತು, ಗೊತ್ತೆಂಬುದನ್ನು ನಾನು ಮುಚ್ಚಿಟ್ಟೆ. ಎರಡರಲ್ಲಿ ಯಾವುದಕ್ಕೆ ಆ ಪದ ಹೆಚ್ಚು ಒಪ್ಪುತ್ತದೆ ಎಂದು ಆಗ ಯಾರಾದರೂ ಕೇಳಿದ್ದರೆ, ಹದಿನೈದು ನಿಮಿಷ ವಾದ ಮಾಡಿ ಗೆಲ್ಲುತ್ತಿದ್ದೆ.

ಆ ಪದ — ಸೋಗು. ಕುರುಗೋಡಿನ ಸ್ಪರ್ಧೆಗೆ ಬಂದ ವಿಷಯವೇ 'ಸೋಗಿಲ್ಲದೆ ಸಮಾಜವಿಲ್ಲ'. ಚೀಟಿಯಲ್ಲಿ ನಮಗೆ 'ಪರ' ಬಂತು. ಪದದ ಅರ್ಥವನ್ನು ಮೊದಲು ನಮ್ಮ ಹಿಡಿತಕ್ಕೆ ತಂದುಕೊಳ್ಳಬೇಕು ಅಂತ ಸರ್ ಹೇಳಿದ್ದರು. ಗ್ರಂಥಾಲಯದಲ್ಲಿ ಕೂತು ನಾನು ನಿಘಂಟು ತೆಗೆದೆ: ವೇಷ, ತೋರಿಕೆ, ನಟನೆ. "ನಮ್ಮ ಮನ್ಯಾಗ ಇದು ಬೈಗುಳ," ಅಂದೆ. "ಸಾಲಿ ತಪ್ಪಿಸಾಕ ಹೊಟ್ಟಿನೋವು ಅಂದ್ರ ಅಜ್ಜಿ 'ಸೋಗು ಹಾಕ್ತಾಳ' ಅಂತಿದ್ಲು. ಸೋಗಲಾಡಿ ಅಂದ್ರಂತೂ ಮುಗೀತು, ಅವರ ಮನಿ ನೀರು ಕುಡಿಬಾರದು."

ನಾಗವೇಣಿ ಪೆನ್ನಿನ ತುದಿ ಕಚ್ಚುತ್ತ ಹೇಳಿದಳು: "ನಮ್ಮ ಕಡೆ ಬೈಗುಳ ಅಲ್ಲ ಲೇ. 'ಇವತ್ತು ಯಾರ ಸೋಗು?' ಅಂತ ಊಟ ಆತೇನು ಅನ್ನೋ ಹಂಗ ಕೇಳ್ತಾರ. ಹಾಕ್ಕೊಂಡಿದ್ದನ್ನ ಸಂಜೀಕ ತೆಗೀತಾರ, ತೊಳಕೊಂತಾರ. ತೆಗಿಯಾಕ ಬರೂದು ಸೋಗು. ತೆಗಿಯಾಕ ಬರಲಾರದ್ದು ಬ್ಯಾರೆ ಏನೋ."

ನಾನು ನಿಘಂಟು ಮುಚ್ಚಿದೆ. "ನಿಮ್ಮ ಕಡೆ ಅಂದ್ರ? ಮಿಲ್ಲಿನಾಗೇನು?"

ಅವಳ ಮುಖ ಕೆಂಪಾಯಿತು. "ಊರಾಗ. ಬಯಲಾಟದವರು."

ಬಾಗಿಲು ಇಷ್ಟೇ ಇಷ್ಟು ತೆರೆದು ಮುಚ್ಚಿತು. ಈಗ ನೆನೆದರೆ — ಅವಳು ತೆರೆಯುತ್ತಲೇ ಇದ್ದಳೇನೋ, ನಾನು ಪ್ರಶ್ನೆ ಹಾಕಿ ಮುಚ್ಚಿಸಿದೆನೇನೋ. ಆಗ ಹಾಗೆ ಅನಿಸಲಿಲ್ಲ. ಅವತ್ತು ಮನೆಗೆ ಬಂದು ಎದುರುಹಾಳೆ ಬರೆಯಲು ಕೂತೆ. ಪೂರ್ತಿ ಪುಟ ಬರಲಿಲ್ಲ. ಆರೇ ಸಾಲು ಬಂದವು. ಒಂದು ತಿದ್ದುಪಡಿ ಇಲ್ಲದೆ, ನೀರು ಹರಿದ ಹಾಗೆ ಬಂದವು. ಅವುಗಳ ಕೆಳಗೇ ಉತ್ತರವನ್ನೂ ಬರೆದೆ. ಉತ್ತರಕ್ಕೆ ಅವಳದೇ ಮಾತು ತಗೊಂಡೆ — ತೆಗೆಯಲು ಬರುವುದು ಸೋಗು, ಬರಲಾರದ್ದು ಬೇರೆ ಏನೋ.

ಆ ಪುಟವನ್ನು ಹರಿದು ಹಾಕಿದ್ದರೆ ಅದು ನನ್ನ ಸಿಟ್ಟಾಗಿ ಉಳಿಯುತ್ತಿತ್ತು. ಎರಡು ತುಂಡು ಮಾಡಿ, ಮಡಚಿ ಚೀಲಕ್ಕೆ ಹಾಕಿದೆ, ಪ್ರಶ್ನೆಯಿದ್ದ ಮೇಲಿನ ಅರ್ಧ ಬೇರೆ, ಉತ್ತರವಿದ್ದ ಕೆಳಗಿನ ಅರ್ಧ ಬೇರೆ.

ಕುರುಗೋಡಿನಲ್ಲಿ ಸ್ಪರ್ಧೆಗೆ ಮುಂಚೆ ಎಲ್ಲರಿಗೂ ಮಂಡಕ್ಕಿ ವಗ್ಗರಣಿ, ಮಿರ್ಚಿ ಕೊಟ್ಟರು. ಕಾಲೇಜಿನ ಪಡಸಾಲೆಯಲ್ಲಿ ನಿಂತು ತಿನ್ನುತ್ತಿದ್ದೆವು. ನಾಗವೇಣಿ ಕೈ ತೊಳೆಯಲು ಹೋದಳು. ಎದುರು ತಂಡದ ಹುಡುಗ, ಶರಣಬಸವ, ಕುಡತಿನಿಯವನು, ಅವನಿಗೆ ಅದು ಮೊದಲ ಸ್ಪರ್ಧೆ — ಕಂಬಕ್ಕೆ ಒರಗಿ ತನ್ನ ಕಾಗದವನ್ನೇ ಮತ್ತೆ ಮತ್ತೆ ಓದುತ್ತಿದ್ದ. "ಅಕ್ಕಾರ, ನಿಮ್ಮ ಹೆಸರು ಕೇಳೀನ್ರಿ. ನೀವು ಎದುರಿಗಿದ್ರ ನಮ್ಮ ಗತಿ ಮುಗೀತು," ಅಂದ. ನಕ್ಕ. ನಾನೂ ನಕ್ಕೆ. ಚೀಲಕ್ಕೆ ಕೈ ಹಾಕಿದೆ.

"ಇದನ್ನ ಕಡೀಗೆ ಓದು. ನಿನಗ ಚಪ್ಪಾಳಿ ಬೀಳ್ತಾವ. ನಿನ್ನ ಅಕ್ಷರದಾಗ ಬರಕೋ, ಇದನ್ನ ಹರಿದು ಹಾಕು."

ಅವನು ಓದಿದ. ತಲೆಯೆತ್ತಿದ. "ಇದು ಖರೇನಾ ಅಕ್ಕಾ?"

"ಡಿಬೇಟಿನಾಗ ಖರೆ ಸುಳ್ಳು ಅಂತ ಇರೂದಿಲ್ಲೋ. ಪಾಯಿಂಟ್ ಇರ್ತೈತಿ ಅಷ್ಟ."

ಆ ಮಾತನ್ನು ನಾನು ಹೇಳಿದೆ. ಬೇರೆಯವರ ಬಾಯಿಂದ ಬಂದಿದ್ದರೆ ಅದರ ಮೇಲೆ ಒಂದು ಗಂಟೆ ಭಾಷಣ ಮಾಡುತ್ತಿದ್ದೆ.

ನಾನು ಅಂದುಕೊಂಡದ್ದು ಏನೆಂದರೆ — ಇದನ್ನು ಬರೆಯುವಾಗ ಕೈ ನಿಲ್ಲುತ್ತಿದೆ, ಆದರೂ — ಅವಳ ಸುಳ್ಳು ಬಯಲಾಗಲಿ. ಬೇರೆಯವರ ಬಾಯಿಂದ ಆಗಲಿ. ಆಮೇಲೆ ನಾನು ಎದ್ದು ನಿಂತು ಅವಳನ್ನು ಕಾಪಾಡುತ್ತೇನೆ. ಆಗ ಅವಳಿಗೆ ಗೊತ್ತಾಗುತ್ತದೆ ಯಾರನ್ನು ನಂಬಬೇಕಿತ್ತು ಅಂತ. ಬತ್ತಲೆ ಮಾಡುವವಳೂ ನಾನೇ, ಸೆರಗು ಹೊದಿಸುವವಳೂ ನಾನೇ. ಅವಳು ಅತ್ತು ನನ್ನ ಹೆಗಲಿಗೆ ಒರಗಿ ಎಲ್ಲ ಹೇಳಬೇಕಿತ್ತು. ಇದು ನನ್ನ ಯೋಜನೆ. ಇದರಲ್ಲಿ ಕಪ್ಪು ಬರುತ್ತದೆ ಎಂಬ ಲೆಕ್ಕಾಚಾರ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು.

ಶರಣಬಸವ ತನ್ನ ಕೊನೆಯ ನಿಮಿಷದಲ್ಲಿ ಓದಿದ:

"ಎದುರು ತಂಡದವರ ಮಾತು ಎಷ್ಟು ಸಿಹಿ! ಸೋಗು ಸಮಾಜದ ಒಡವೆಯಂತೆ. ಆ ಒಡವೆ ತೊಟ್ಟವರು ಈ ವೇದಿಕೆಯ ಮೇಲೆಯೇ ಕೂತಿದ್ದಾರೆ. ನಮ್ಮಪ್ಪ ರೈಸ್ ಮಿಲ್ಲಿನ ಸೂಪರ್‌ವೈಸರ್ ಎಂದು ಹೇಳಿಕೊಂಡು ಎರಡು ವರ್ಷ ಮಂದಿಯ ಮನೆಯಲ್ಲಿ ಉಂಡಿದ್ದಾರೆ. ಆ ಅಪ್ಪ ಬಾದನಹಟ್ಟಿಯ ಓಣಿಯಲ್ಲಿ ಸೀರೆಯುಟ್ಟು, ಶೂರ್ಪನಖಿಯಾಗಿ, ಕಂಡವರಿಗೆಲ್ಲ ನನ್ನನ್ನು ಮದುವೆಯಾಗಿ ಅನ್ನುತ್ತಾರೆ. ನನ್ನವು ಎರಡೇ ಪ್ರಶ್ನೆ. ಅಪ್ಪ ಉಟ್ಟದ್ದು ಸೋಗೋ? ಮಗಳು ಕಟ್ಟಿದ್ದು ಸೋಗೋ?"

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ನಮ್ಮ ಕಾಲೇಜಿನವರೇ ಇಪ್ಪತ್ತು ಜನ ಎದುರಿಗೆ ಕೂತಿದ್ದರು. ಹಿಂದಿನಿಂದ ಯಾರೋ ಹೆಣ್ಣು ದನಿಯಲ್ಲಿ "ನನ್ನ ಮದುವಿ ಆಗ್ರೀ" ಅಂದರು. ನಗು ಎದ್ದಿತು. ಶರಣಬಸವ ನಗಲಿಲ್ಲ. ಆ ಹುಡುಗ ಹೆದರಿದ ಮುಖ ಮಾಡಿಕೊಂಡು ನನ್ನತ್ತ ನೋಡುತ್ತಿದ್ದ.

ನಾಗವೇಣಿ ಅವನನ್ನು ನೋಡಲಿಲ್ಲ. ನಕ್ಕವರನ್ನೂ ನೋಡಲಿಲ್ಲ. ಬರೆಯುತ್ತಿದ್ದ ಪೆನ್ನನ್ನು ಮುಚ್ಚಿ, ಮೇಜಿನ ಮೇಲಿಟ್ಟು, ನನ್ನ ಕಡೆಗೆ ತಿರುಗಿದಳು. ಉತ್ತರದ ಸುತ್ತು ಅವಳದು. ಅವಳೇ ಏಳಬೇಕಿತ್ತು; ಏಳಲಾರಳು ಎಂದೇ ನನ್ನ ಲೆಕ್ಕ.

"ನೀನ ಮಾತಾಡು," ಅಂದಳು.

ಎದ್ದೆ. ಮಾತಾಡಿದೆ. ಮಟಮಟ ಮಧ್ಯಾಹ್ನ, ಊರಿಗೆ ಊರೇ ನೋಡುತ್ತಿರುವಾಗ, ಇವನು ಗಂಡಸೆಂದು ಎಲ್ಲರಿಗೂ ಗೊತ್ತಿರುವಾಗ ಉಟ್ಟ ಸೀರೆ ಯಾರನ್ನು ಮೋಸ ಮಾಡುತ್ತದೆ? ಸಂಜೆಗೆ ತೊಳೆದುಕೊಳ್ಳುವ ಬಣ್ಣ ಸೋಗು, ಅದು ವಿದ್ಯೆ. ತೊಳೆದರೂ ಹೋಗದ ನಿಮ್ಮ ಜಾತಿ, ನಿಮ್ಮ ದೊಡ್ಡಸ್ತಿಕೆ, ನಿಮ್ಮ ಈಗಿನ ಈ ನಗು — ಅದಕ್ಕೆ ನಿಘಂಟಿನಲ್ಲಿ ಬೇರೆ ಪದ ಹುಡುಕಿ. ಇನ್ನು ಮಗಳು ಕಟ್ಟಿದ ಮಿಲ್ಲು. ಅದನ್ನು ಅವಳು ಕಟ್ಟಲಿಲ್ಲ. ಅಪ್ಪನ ಹೆಸರು ಹೇಳಿದರೆ ಪಕ್ಕದಲ್ಲಿ ಕೂರಿಸಿಕೊಳ್ಳದ ನಾವು ಕಟ್ಟಿದೆವು, ಇಟ್ಟಿಗೆ ಇಟ್ಟಿಗೆಯಾಗಿ. ಹೀಗೆ ಹೇಳಿದೆ. ಒಂದೊಂದು ಶಬ್ದವೂ ನಿಜ. ನಕ್ಕವರೇ ಎದ್ದು ಚಪ್ಪಾಳೆ ತಟ್ಟಿದರು. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಜವನ್ನೇ ಹೇಳಿ ಅಷ್ಟು ದೊಡ್ಡ ಸುಳ್ಳಾಡಬಹುದೆಂದು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಶರಣಬಸವನನ್ನು ಅವನ ಉಪನ್ಯಾಸಕರು ಎಲ್ಲರ ಮುಂದೆ ಬೈದು, ನಾಗವೇಣಿಯ ಹತ್ತಿರ ಕ್ಷಮೆ ಕೇಳಿಸಿದರು. "ತಪ್ಪಾತ್ರಿ ಅಕ್ಕಾ," ಅಂದ. ನಾನು ಎರಡು ಹೆಜ್ಜೆ ಆಚೆ ಕಪ್ಪು ಹಿಡಿದುಕೊಂಡು ನಿಂತಿದ್ದೆ.

ಸಂಜೆಯ ಬಸ್ಸು ಅರ್ಧ ಖಾಲಿ. ನಾಗವೇಣಿ ಬಂದು ನನ್ನ ಪಕ್ಕವೇ ಕೂತಳು. ಊರು ದಾಟಿದ ಮೇಲೆ, ಕಿಟಕಿಯಾಚೆಯ ಹೊಲಗಳನ್ನು ನೋಡುತ್ತ, ಸಣ್ಣ ದನಿಯಲ್ಲಿ ಶುರುಮಾಡಿದಳು.

"ಕಡೀ ದಿನ ಅಪ್ಪ ಬಣ್ಣ ಇಲ್ಲದ ಬರ್ತಾನ, ಗೊತ್ತೇನು? ವೇಷ ಎಲ್ಲ ಮುಗದ ಮ್ಯಾಲೆ, ಕಾಳು ಕಡಿ ಕೇಳಾಕ. ಬರೀ ಪಂಚಿ, ಅಂಗಿ, ಹೆಗಲಿಗೆ ಚೀಲ. ರಾಮ ಅಂತ ಕಾಲಿಗೆ ಬಿದ್ದಿದ್ದ ಮಂದಿ ಬಾಗಲದಾಗ ನಿಂತು 'ಯಾರಪಾ ನೀನು?' ಅಂತಾರ. ನಾಯಿ ಬೊಗಳ್ತಾವ. ಅಪ್ಪ ಬೇಜಾರ ಮಾಡ್ಕಳ್ಳಲ್ಲ. ಒಂದು ಸಾಲು ಹಾಡ್ತಾನ ಅಷ್ಟ. 'ಅಯ್ಯ, ನೀನೇನು!' ಅಂತ ಒಳಗ ಕರೀತಾರ." ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಮುಖಕ್ಕ ಏನ ಬಳಕೊಳ್ಳಲಿ ಪದ್ದಿ. ದನಿ ಗುರುತು ಹತ್ತಿಬಿಡ್ತೈತಿ."

ನನಗೆ ಎಂಥ ಸಮಾಧಾನವಾಯಿತು! ಕೊನೆಗೂ ಅಪ್ಪನ ಬಗ್ಗೆ ನನಗೆ ಹೇಳಿದಳು. ಯೋಜನೆ ಫಲಿಸಿತು. ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಅದು ಅವಳು ನನಗೆ ಆಡಿದ ಕೊನೆಯ ದೊಡ್ಡ ಮಾತು. ಮತ್ತೆ ಅವಳು ಯಾವ ವೇದಿಕೆಯನ್ನೂ ಹತ್ತಲಿಲ್ಲ. ಹಾಸ್ಟೆಲಿನ ನೋಟೀಸು ಬೋರ್ಡಿನ ಮೇಲೆ ಯಾರೋ ಮೀಸೆಯ ಶೂರ್ಪನಖಿಯ ಚಿತ್ರ ಬರೆದಿದ್ದರು. ಅವಳೇ ಒ‌ದ್ದೆ ಬಟ್ಟೆ ತಂದು ಒರೆಸಿದಳಂತೆ. ವಾರ್ಷಿಕೋತ್ಸವಕ್ಕೆ ಅವಳ ಅಪ್ಪನನ್ನು ಕರೆಸಿ ಸನ್ಮಾನ ಮಾಡೋಣ ಅಂತ ಸರ್ ಪ್ರೀತಿಯಿಂದಲೇ ಅಂದಾಗ, ಅವಳು ಎರಡೂ ಕೈ ಮುಗಿದಳು. "ಬ್ಯಾಡ್ರಿ ಸರ್. ನಾನು ಮಿಲ್ಲು ಅಂತ ಹೇಳೀನಿ ಅಂತ ಅಪ್ಪಗ ಗೊತ್ತಿಲ್ಲ. ಗೊತ್ತಾಗೂದು ಬ್ಯಾಡ."

ಆಗ ನನಗೆ ಮೊದಲ ಸಲ ತಿಳಿಯಿತು. ಅವಳು ಕಾಯುತ್ತಿದ್ದದ್ದು ತನ್ನ ಮಾನವನ್ನಲ್ಲ. ಮಗಳು ತನ್ನನ್ನು ಮುಚ್ಚಿಟ್ಟಿದ್ದಾಳೆ ಎಂಬುದು ಆ ಮನುಷ್ಯನಿಗೆ ತಿಳಿಯಬಾರದು — ಅಷ್ಟೇ. ನನಗೆ ಹೇಳಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ ಅಂತ ನಾನು ಎದೆ ತಟ್ಟಿ ಹೇಳುತ್ತಿದ್ದೆ ಅಲ್ಲವೇ? ಅಷ್ಟರಲ್ಲಾಗಲೇ ಚಿಕ್ಕಮ್ಮನಿಗೆ ಹೇಳಿದ್ದೆ. ಕಪ್ಪು ತೋರಿಸುವ ಸಡಗರದಲ್ಲಿ ಪೂರ್ತಿ ಕತೆ, ಮಿಲ್ಲಿನ ಸಮೇತ.

ಮುಂದಿನ ಸುಗ್ಗಿಯಲ್ಲಿ ಚಿಕ್ಕಮ್ಮ ನಗುತ್ತ ಫೋನು ಮಾಡಿದಳು. ಹಗಲುವೇಷದ ಮೇಳ ಬಂದಿತ್ತು. ಕಡೆಯ ದಿನ ನಾಗವೇಣಿಯ ಅಪ್ಪ ಚೀಲ ಹಿಡಿದು ಬಾಗಿಲಿಗೆ ಬಂದಾಗ ಇವಳು ತಮಾಷೆಗೆ ಅಂದಳಂತೆ: "ಏನಪಾ ಶೂರ್ಪನಖಿ, ನಿನ್ನ ಮಗಳು ನಿನಗ ರೈಸ್ ಮಿಲ್ಲಿನಾಗ ನೌಕರಿ ಕೊಡಿಸ್ಯಾಳಂತಲ್ಲ! ಸೂಪರ್‌ವೈಸರ್ ಅಂತ ಕಾಲೇಜಿನಾಗೆಲ್ಲ ಹೇಳ್ಯಾಳಂತ!"

"ಅವನು ಏನಂದ?" ಅಂತ ಕೇಳಿದೆ.

"ಬಲು ಚುರುಕು ಅದಾನ ಮನಷ್ಯ. ಚೀಲ ಮಡಚಿ ಕಂಕುಳಾಗ ಇಟಗೊಂಡ. ಆಮ್ಯಾಲ ನಕ್ಕೋಂತ, 'ಹೌದ್ರಿ ಅವ್ವಾ, ಪಗಾರ ಇನ್ನೂ ಬಂದಿಲ್ಲ ನೋಡ್ರಿ' ಅಂದ. ನಕ್ಕೂ ನಕ್ಕೂ ಸಾಕಾತು. ಆದ್ರ ಜೋಳ ನೀಡಾಕ ಒಳಗ ಹೋಗಿ ಬರೋದರಾಗ ಹೋಗಿಬಿಟ್ಟಿದ್ದ. ಹಾಡಲೂ ಇಲ್ಲ."

ಅದರ ಮರುವರ್ಷ ಬಾದನಹಟ್ಟಿಗೆ ಮೇಳ ಬರಲಿಲ್ಲ.

ನಾನು ನನ್ನ ಪರವಾಗಿ ವಾದಿಸಬಲ್ಲೆ. ಅವಳೂ ಸುಳ್ಳು ಹೇಳಿದ್ದಳು. ನನಗೆ ಹತ್ತೊಂಬತ್ತು ವರ್ಷ. ಚಿಕ್ಕಮ್ಮ ಹಾಗೆ ಆಡುತ್ತಾಳೆಂದು ಕಂಡಿದ್ದೆನೇ? ಚೆನ್ನಾಗಿಯೇ ವಾದಿಸಬಲ್ಲೆ, ಅದಕ್ಕೇ ವಾದಿಸುವುದಿಲ್ಲ. ಪದವಿ ಮುಗಿದ ಮೇಲೆ ಅವಳು ಸಿರುಗುಪ್ಪಕ್ಕೆ ಹೋದಳು. ಈಗ ಅಲ್ಲೇ ಹತ್ತಿರದ ಹಳ್ಳಿಯ ಸಾಲಿಯಲ್ಲಿ ಟೀಚರು ಅಂತ ಕೇಳಿದ್ದೇನೆ. ನಾನು ಬಳ್ಳಾರಿಯಲ್ಲೇ ಉಳಿದೆ, ಹುಡುಗರಿಗೆ ಡಿಬೇಟು ಕಲಿಸುತ್ತೇನೆ. ಎದುರುಹಾಳೆ ಬರೆಸುವುದಿಲ್ಲ. ಯಾಕೆ ಅಂತ ಕೇಳಿದವರಿಗೆ ಬೇರೆ ಏನೋ ಕಾರಣ ಹೇಳುತ್ತ ಬಂದಿದ್ದೇನೆ.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಶರಣಬಸವ ಸಿಕ್ಕ. ಕುಡತಿನಿಯ ಕಡೆ ಎಲ್ಲೋ ಗುತ್ತಿಗೆ ಕೆಲಸ, ಕೈಯಲ್ಲಿ ಬುತ್ತಿ ಡಬ್ಬಿ. ಅವನೇ ಬಂದು ಮಾತಾಡಿಸಿದ. ನಾನು ತಡೆಯಲಾರದೆ ಕೇಳಿದೆ — ಯಾಕೆ ಅವತ್ತು ನನ್ನ ಹೆಸರು ಹೇಳಲಿಲ್ಲ?

"ಬರದವರು ನೀವು ಇರಬೋದ್ರಿ ಅಕ್ಕಾ," ಅಂದ. "ಓದಿದವ ನಾನಲ್ಲ? ನಿಮ್ಮ ಹೆಸರು ಹೇಳಿದ್ರ ನನ್ನ ಬಾಯಿ ತೊಳದಂಗ ಆಗ್ತಿತ್ತೇನು?" ಆಮೇಲೆ ಬಸ್ಸಿನತ್ತ ಹೊರಟವನು ತಿರುಗಿದ. "ಆದ್ರ ಆ ಅಕ್ಕಗ ನಾನು ಹೇಳೂದು ಏನಿತ್ತು? ತಪ್ಪಾತು ಅನ್ನಾಕ ಹೋದಾಗ ಸಣ್ಣ ದನಿಯಾಗ ಒಂದ ಮಾತು ಕೇಳಿದ್ರು. 'ಕಡೀ ಎರಡು ಪ್ರಶ್ನೆ ನಿನ್ನವೇನಪಾ?' ಅಂತ. ನಾನು ತಲಿ ತಗ್ಗಿಸಿದೆ. ಅವರು 'ಹೋಗು' ಅಂದ್ರು."

ಅವನ ಬಸ್ಸು ಹೋಯಿತು. ನಾನು ನಿಂತೇ ಇದ್ದೆ.

ಶರಣಬಸವನ ಮೇಲೆ ಏಳು ವರ್ಷ ಹೊರಿಸಿದ್ದನ್ನು ಇಳಿಸುವುದಕ್ಕೆ ಇದನ್ನು ಬರೆದೆ. ಕಪ್ಪನ್ನು ಸರ್‌ಗೆ ವಾಪಸು ಕಳಿಸುತ್ತಿದ್ದೇನೆ. ಉಳಿದದ್ದು ನಿನಗೆ, ನಾಗೂ. ಬಣ್ಣ ಇಲ್ಲದೆ ನಿನ್ನ ಬಾಗಿಲಿಗೆ ಬಂದಿದ್ದೇನೆ. ಕ್ಷಮೆ ಕೇಳಲು ಚೀಲ ತಂದಿಲ್ಲ. ನಿಮ್ಮಪ್ಪ ಈಗ ಹಾಡುತ್ತಾರೋ ಇಲ್ಲವೋ ಎಂದು ಕೇಳುವ ಹಕ್ಕೂ ನನಗಿಲ್ಲ. ಒಂದೇ ಕೇಳುತ್ತೇನೆ — ಇದು ಪಾಟೀಸವಾಲಲ್ಲ, ಇದಕ್ಕೆ ಉತ್ತರ ನಾನು ಬರೆದಿಟ್ಟುಕೊಂಡಿಲ್ಲ. ಆ ಆರು ಸಾಲಿನಲ್ಲಿ ನನ್ನ ದನಿಯನ್ನು ನೀನು ಅಲ್ಲೇ ಗುರುತು ಹಿಡಿದಿದ್ದೆ. ಬಸ್ಸಿನಲ್ಲಿ ಅಷ್ಟೊಂದು ಸೀಟು ಖಾಲಿ ಇದ್ದವು. ಆದರೂ ನನ್ನ ಪಕ್ಕದಲ್ಲೇ ಯಾಕೆ ಬಂದು ಕೂತೆ?